ಕಣಕುಂಬಿಯ ಮಳೆ, ಬೈಲಹೊಂಗಲದ ಗಾಳ

ಜುಲೈ ತಿಂಗಳಲ್ಲಿ ಬೈಲಹೊಂಗಲದ ಕಡೆಯ ಹೊಳೆದಂಡೆಯ ಊರುಗಳಲ್ಲಿ ಒಮ್ಮೊಮ್ಮೆ ಒಂದು ವಿಚಿತ್ರ ಕಾಣುತ್ತದೆ. ಮೂರು ನಾಲ್ಕು ದಿನಗಳಿಂದ ಒಂದು ಹನಿಯೂ ಬಿದ್ದಿರುವುದಿಲ್ಲ. ಹೊಲಗಳಲ್ಲಿ ಎಡೆ ಹೊಡೆಯುವ ಕೆಲಸ ಸಾಗಿರುತ್ತದೆ. ಮೋಡಗಳು ತಲೆಯ ಮೇಲೆ ಹಾಯ್ದು ಮೂಡಣ ದಿಕ್ಕಿಗೆ ಓಡುತ್ತಿರುತ್ತವೆಯೇ ಹೊರತು ನಿಲ್ಲುವುದಿಲ್ಲ. ಆದರೂ ಬೆಳಗಾಗುವುದರೊಳಗೆ ಮಲಪ್ರಭೆ ಕೆಂಪಾಗಿ, ಕಸಕಡ್ಡಿ ಹೊತ್ತು, ನಿನ್ನೆ ಸಂಜೆ ಜನ ಕುಳಿತಿದ್ದ ಬಂಡೆಯನ್ನು ಮುಳುಗಿಸಿ ಹರಿಯುತ್ತಿರುತ್ತದೆ. ಗಾಳ ಹಿಡಿದು ಬಂದವನು ದಂಡೆಯ ಮೇಲೆ ನಿಂತು ನೀರಿನ ಬಣ್ಣ ನೋಡುತ್ತಾನೆ, ಪಡುವಣದ ಕಡೆ ತಿರುಗಿ ನೋಡುತ್ತಾನೆ, ಸುಮ್ಮನೆ ಮನೆಗೆ ಮರಳುತ್ತಾನೆ. ಅಥವಾ, ಬಲ್ಲವನಾಗಿದ್ದರೆ, ಹೊಳೆಯನ್ನು ಬಿಟ್ಟು ಪಕ್ಕದ ಹಳ್ಳ ಹೊಳೆಗೆ ಕೂಡುವ ಜಾಗಕ್ಕೆ ಹೋಗಿ ಕೂರುತ್ತಾನೆ.

ಅವನು ಹಾಗೇಕೆ ಮಾಡುತ್ತಾನೆ ಎಂಬುದನ್ನು ತಿಳಿಯಬೇಕಾದರೆ ಮೊದಲು ಈ ನದಿಯ ಸ್ವಭಾವ ತಿಳಿಯಬೇಕು.

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 792 ಮೀಟರ್ ಎತ್ತರದಲ್ಲಿ. ಅಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುವುದು ಸಾಮಾನ್ಯ ಸಂಗತಿ. ಅರಬ್ಬೀ ಸಮುದ್ರದಿಂದ ಬಂದ ಮೋಡಗಳು ಸಹ್ಯಾದ್ರಿಯ ನೆತ್ತಿಗೆ ಡಿಕ್ಕಿ ಹೊಡೆದು ತಮ್ಮ ನೀರನ್ನೆಲ್ಲ ಅಲ್ಲಿಯೇ ಹಿಂಡಿಬಿಡುತ್ತವೆ. ಬೆಟ್ಟ ಇಳಿದು ಮೂಡಣಕ್ಕೆ ಸಾಗಿದಷ್ಟೂ ಮೋಡ ಹಗುರಾಗುತ್ತ ಹೋಗುತ್ತದೆ. ಕಿತ್ತೂರಿನವರೆಗೆ ಮಲೆನಾಡಿನ ಸೆರಗು ಇದೆ ಎನ್ನಬಹುದು. ಬೈಲಹೊಂಗಲ ದಾಟಿದರೆ ಎರೆಯ ನೆಲ, ಜೋಳ ಹತ್ತಿಗಳ ಬೆಳವಲ. ಸವದತ್ತಿ, ರಾಮದುರ್ಗಗಳಿಗೆ ಬರುವ ಹೊತ್ತಿಗೆ ವರ್ಷದ ಮಳೆ ಆರು ನೂರು ಮಿಲಿಮೀಟರ್ ಆಸುಪಾಸಿಗೆ ಇಳಿದಿರುತ್ತದೆ. ಅಂದರೆ ಒಂದೇ ನದಿಯ ತಲೆಗೂ ನಡುವಿಗೂ ಐದು ಪಟ್ಟು ಅಂತರ. ಈ ನದಿ ತಾನು ಹರಿಯುವ ನೆಲದ ಮಳೆಯನ್ನು ನಂಬಿದ್ದಲ್ಲ, ಬೇರೆಯವರ ಊರಿನ ಮಳೆಯಿಂದ ಬದುಕುವ ನದಿ.

ಆದ್ದರಿಂದಲೇ ಇಲ್ಲಿ ಗಾಳ ಹಾಕುವವನಿಗೆ ತನ್ನ ತಲೆಯ ಮೇಲಿನ ಆಕಾಶ ಅರ್ಧ ಸುದ್ದಿಯನ್ನಷ್ಟೇ ಹೇಳುತ್ತದೆ. ಉಳಿದರ್ಧ ನೂರು ಕಿಲೋಮೀಟರಿಗೂ ಮಿಗಿಲಾದ ದಾರಿ ಸವೆಸಿ ನೀರಿನೊಳಗೇ ಬರುತ್ತದೆ. ನೀರು ಕೆಂಪಗಿದ್ದರೆ ಅದು ಖಾನಾಪುರದ ಕಡೆಯ ಜಂಬಿಟ್ಟಿಗೆ ನೆಲದ್ದು, ಘಟ್ಟದ ಮಳೆ ಇನ್ನೂ ನಿಂತಿಲ್ಲ ಎಂದು ಅರ್ಥ. ಹಳ್ಳದ ನೀರು ಮಾತ್ರ ಕಪ್ಪಾಗಿ ಹೊಳೆಯ ತಿಳಿನೀರಿಗೆ ಸೇರುತ್ತಿದ್ದರೆ ಮಳೆ ಆದದ್ದು ಹತ್ತಿರದ ಎರೆಹೊಲಗಳಲ್ಲಿ, ಸಂಜೆಯ ಹೊತ್ತಿಗೆ ಇಳಿದೀತು. ಹೊಳೆಗೆ ಪ್ರವಾಹ ಬಂದಾಗ ಮೀನುಗಳು ನಡುನೀರಿನ ಸೆಳವನ್ನು ಬಿಟ್ಟು ದಂಡೆಯ ಮಗ್ಗುಲಿಗೆ, ಹಳ್ಳದ ಬಾಯಿಗೆ, ನೀರು ನಿಧಾನವಾಗಿ ಸುಳಿಯುವ ತಾಣಗಳಿಗೆ ಸರಿಯುತ್ತವೆ. ಹಳ್ಳದ ನೀರು ಹುಳು ಹುಪ್ಪಟೆಗಳನ್ನು ತಂದು ಅಲ್ಲಿಯೇ ಸುರಿಯುತ್ತದೆ. ನಮ್ಮ ಬಲ್ಲವನು ಹಳ್ಳದ ಕೂಡಲಿಗೆ ಹೋದದ್ದು ಇದಕ್ಕಾಗಿ.

ಮೀನು ಹಿಡಿಯುವ ಮಾತು ಬಂದರೆ ಈ ಭಾಗದ ಅನೇಕ ಮನೆಗಳಲ್ಲಿ ಮುಖ ಸಿಂಡರಿಸುವವರು ಇದ್ದಾರೆ ಎಂಬುದು ನಿಜ. ಜೈನ, ಲಿಂಗಾಯತ ಸಂಪ್ರದಾಯಗಳು ಬೇರುಬಿಟ್ಟ ನೆಲ ಇದು. ಕಿತ್ತೂರಿನ ಬಳಿ ಮುಗುಟಖಾನ ಹುಬ್ಬಳ್ಳಿಯಲ್ಲಿ, ಬಸವಣ್ಣನವರ ಮಡದಿ ಗಂಗಾಂಬಿಕೆಯ ಐಕ್ಯಮಂಟಪ ಇದೇ ಮಲಪ್ರಭೆಯ ಒಡಲಲ್ಲಿ ನಿಂತಿದೆ. ಬಸವಣ್ಣನವರು ಐಕ್ಯರಾದ ಕೂಡಲಸಂಗಮವೂ ಇದೇ ನದಿ ಕೃಷ್ಣೆಯನ್ನು ಸೇರುವ ತಾಣ. ಹೀಗಾಗಿ ಇಲ್ಲಿ ಗಾಳದ ವಿದ್ಯೆ ಹೊಳೆದಂಡೆಯ ಅಂಬಿಗರ, ಬೆಸ್ತರ ಬದುಕಿನಲ್ಲಿ ಬಾಯಿಂದ ಬಾಯಿಗೆ ಉಳಿದು ಬಂದಿತೇ ಹೊರತು ಬರಹಕ್ಕೆ ಇಳಿದದ್ದು ಕಡಿಮೆ. ಆದರೆ ಒಂದು ದೊಡ್ಡ ಅಪವಾದವಿದೆ. ಅದು ಎಷ್ಟು ದೊಡ್ಡದೆಂದರೆ, ಇಂಡಿಯಾ ದೇಶದಲ್ಲಿ ಗಾಳದ ಬೇಟೆಯನ್ನು ಕುರಿತು ನಮಗೆ ದೊರೆತಿರುವ ಅತಿ ಹಳೆಯ ವಿವರವಾದ ಬರಹಗಳ ಸಾಲಿನಲ್ಲಿ ಮೊದಲು ನಿಲ್ಲುವುದೇ ಒಬ್ಬ ಕನ್ನಡ ದೊರೆಯ ಗ್ರಂಥ.

ಆ ದೊರೆ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ. ಆರನೆಯ ವಿಕ್ರಮಾದಿತ್ಯನ ಮಗ, ಭೂಲೋಕಮಲ್ಲ, ಸರ್ವಜ್ಞ ಎಂಬ ಬಿರುದುಗಳು ಅವನಿಗಿದ್ದವು. ತಂದೆಯ ಹಾಗೆ ಯುದ್ಧಗಳಿಂದ ಹೆಸರಾದವನಲ್ಲ. ಆದರೆ ಅವನು ಬಿಟ್ಟುಹೋದ ಪುಸ್ತಕ ಯಾವ ಗೆಲುವಿಗಿಂತಲೂ ಹೆಚ್ಚು ಬಾಳಿತು. ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚನೆಯಾದ 'ಮಾನಸೋಲ್ಲಾಸ' ಅಥವಾ 'ಅಭಿಲಷಿತಾರ್ಥ ಚಿಂತಾಮಣಿ' ಒಂದು ವಿಶ್ವಕೋಶ. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ಭಾಗಗಳು, ಒಟ್ಟು ನೂರು ಅಧ್ಯಾಯ. ರಾಜ್ಯ ಗಳಿಸುವುದರಿಂದ ಹಿಡಿದು ಆನೆ ಹಿಡಿಯುವುದು, ಚಿತ್ರ ಬರೆಯುವುದು, ಹಾಡು, ಕುಣಿತ, ಅಡುಗೆ ಎಲ್ಲವೂ ಅಲ್ಲಿವೆ. ಇಡ್ಲಿಯ ಪೂರ್ವಜ ಎನ್ನಲಾಗುವ 'ಇಡ್ಡರಿಕಾ' ಸಿಗುವುದೂ ಇಲ್ಲಿಯೇ ಆದ್ದರಿಂದ ಪತ್ರಿಕೆಗಳ ಅಡುಗೆ ಪುಟಗಳಲ್ಲಿ ಈ ಪುಸ್ತಕದ ಹೆಸರು ಆಗಾಗ ಬರುತ್ತದೆ. ಇಡ್ಲಿಯ ಸಡಗರದಲ್ಲಿ ಮೀನಿನ ಅಧ್ಯಾಯವನ್ನು ನಾವು ಮರೆತಿದ್ದೇವೆ.

ಅರಸನ ವಿನೋದಗಳನ್ನು ಹೇಳುವ ನಾಲ್ಕನೆಯ ಭಾಗದಲ್ಲಿ 'ಮತ್ಸ್ಯವಿನೋದ' ಎಂಬ ಅಧ್ಯಾಯವಿದೆ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳ ಪರಿಚಯ ಅದರಲ್ಲಿದೆ. ಪಟ್ಟಿ ಮಾಡಿ ಕೈತೊಳೆದುಕೊಂಡಿಲ್ಲ, ವಿಂಗಡಿಸಿದ್ದಾನೆ. ಸಮುದ್ರದವು ಯಾವುವು, ನದಿಯವು ಯಾವುವು, ಮೈಮೇಲೆ ಹುರುಪೆ ಇರುವುವು ಯಾವುವು, ಇಲ್ಲದವು ಯಾವುವು, ದೊಡ್ಡವು, ನಡುತರದವು, ಸಣ್ಣವು ಹೀಗೆ. ಇಂದಿನ ಮೀನುಶಾಸ್ತ್ರದ ವಿದ್ಯಾರ್ಥಿಯೂ ಬಹುಮಟ್ಟಿಗೆ ಇದೇ ಪ್ರಶ್ನೆಗಳಿಂದ ಪಾಠ ಶುರುಮಾಡುತ್ತಾನೆ. ಆಮೇಲೆ ಯಾವ ಮೀನಿಗೆ ಯಾವ ತಿನಿಸು ಎಂಬ ವಿವರ ಬರುತ್ತದೆ. ಮೀನು ಇರುವ ತಾಣದಲ್ಲಿ ಮುಂಚಿತವಾಗಿ ತಿನಿಸಿನ ಉಂಡೆಗಳನ್ನು ಹಾಕಿ, ಅವು ಅಲ್ಲಿಗೆ ಬಂದು ತಿಂದು ರೂಢಿಯಾಗುವಂತೆ, ಕೊಬ್ಬುವಂತೆ ಮಾಡಬೇಕು. ಅನಂತರ ಕೋಲು, ದಾರ, ಕೊಕ್ಕೆ, ಎರೆ ಇವುಗಳ ಮಾತು. ಗಾಳಕ್ಕೆ ಬಿದ್ದ ಮೀನನ್ನು ದಡಕ್ಕೆ ಎಳೆಯುವುದು ಈ ವಿನೋದದ ಕೊನೆಯ ಘಟ್ಟ. ಇಂದಿಗೂ ಹಿಟ್ಟಿನ ಉಂಡೆಗಳನ್ನು ಎರಡು ದಿನ ಒಂದೇ ಮಡುವಿಗೆ ಎಸೆದು ಮೂರನೆಯ ದಿನ ಗಾಳ ಬಿಡುವವರು ಕನ್ನಡ ನಾಡಿನ ಹೊಳೆಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಮಾನಸೋಲ್ಲಾಸದ ಹೆಸರನ್ನು ಅವರಾರೂ ಕೇಳಿರಲಾರರು. ನನಗೆ ಅನಿಸುವಂತೆ ವಿದ್ಯೆ ಅರಮನೆಯಿಂದ ಹೊಳೆಗೆ ಇಳಿದು ಬಂದದ್ದಲ್ಲ, ಹೊಳೆಯಿಂದ ಅರಮನೆಗೆ ಹತ್ತಿ ಹೋದದ್ದು. ಬೆಸ್ತರ ಕೈಯಲ್ಲಿ ಕಲಿಯದೆ ಯಾವ ಅರಸ ತಾನೇ ಇಷ್ಟು ಬರೆದಾನು?

ಈ ಪುಸ್ತಕ ಬರೆಯುವಾಗ ಸವದತ್ತಿಯ ಹೆಸರು ಸುಗಂಧವರ್ತಿ. ಅಲ್ಲಿಂದ ಕೂಂಡಿ ಮೂರು ಸಾವಿರ ನಾಡನ್ನು ಆಳುತ್ತಿದ್ದ ರಟ್ಟರು ಕಲ್ಯಾಣದ ಚಾಲುಕ್ಯರ ಸಾಮಂತರು. ಅಂದರೆ ಮಲಪ್ರಭೆಯ ಈ ಭಾಗ ಸೋಮೇಶ್ವರನ ರಾಜ್ಯದೊಳಗಿನ ನೀರು. ಅವನು ಇಲ್ಲಿಗೆ ಬಂದು ಗಾಳ ಹಾಕಿದ್ದ ಎಂದು ಯಾರೂ ಹೇಳಲಾರರು, ಹೇಳಬೇಕಾಗಿಯೂ ಇಲ್ಲ. ಮೀನಿನ ಮೇಲೆ ಕಣ್ಣು ನೆಟ್ಟವರು ಈ ದಂಡೆಯಲ್ಲಿ ಅವನಿಗಿಂತ ಐದಾರು ಶತಮಾನ ಮುಂಚೆಯೂ ಇದ್ದರು. ನದಿ ಇನ್ನೂ ಕೆಳಗೆ ಹೋಗುವ ಬಾದಾಮಿಯ ಸೀಮೆಯಲ್ಲಿ, ಎರಡನೆಯ ಗುಹಾಲಯದಲ್ಲಿ ತಲೆ ಎತ್ತಿದರೆ ಚಾವಣಿಯಲ್ಲಿ ಒಂದು ಚಕ್ರ ಕಾಣುತ್ತದೆ. ಅದರ ಅರೆಗಳೆಲ್ಲ ಮೀನುಗಳು, ಎಣಿಸಿದರೆ ಹದಿನಾರು.

ಇಂಗ್ಲಿಷಿನವರು ಗಾಳದ ಬೇಟೆಯ ಬೈಬಲ್ ಎಂಬಂತೆ ಕಾಣುವ ಐಸಾಕ್ ವಾಲ್ಟನ್ನನ ಪುಸ್ತಕ ಅಚ್ಚಾದದ್ದು 1653ರಲ್ಲಿ. ಅವರ ಭಾಷೆಯಲ್ಲಿ ಈ ವಿಷಯದ ಮೊದಲ ಅಚ್ಚಿನ ಪುಸ್ತಕವೂ 1496ಕ್ಕಿಂತ ಹಿಂದಿನದಲ್ಲ. ಮಾನಸೋಲ್ಲಾಸ ಅದಕ್ಕಿಂತ ಮೂರೂವರೆ ಶತಮಾನ ಹಳೆಯದು. ಹೀಗೆ ಹೇಳಿದ ಮಾತ್ರಕ್ಕೆ ಜಗತ್ತಿಗೆ ನಾವೇ ಮೊದಲು ಎಂದು ಕೊಂಬು ಊದಬೇಕಾಗಿಲ್ಲ. ರೋಮನರ ಕಾಲದಲ್ಲಿ ಈಲಿಯನ್ ಎಂಬಾತ ಮ್ಯಾಸಿಡೋನಿಯದ ಜನ ಉಣ್ಣೆ, ಗರಿಗಳಿಂದ ನೊಣದ ಆಕಾರದ ಎರೆ ಕಟ್ಟಿ ಚುಕ್ಕೆಮೀನು ಹಿಡಿಯುವುದನ್ನು ಬಣ್ಣಿಸಿದ್ದಾನೆ. ಆ ಚುಕ್ಕೆಮೀನು ಟ್ರೌಟ್ ಎಂದು ಪಂಡಿತರು ಗುರುತಿಸುತ್ತಾರೆ.

ಟ್ರೌಟ್ ಎಂದೊಡನೆ ಒಂದು ಚಿತ್ರ ಕಣ್ಣಿಗೆ ಕಟ್ಟುತ್ತದೆ. ಜನರಿಲ್ಲದ ಬೆಟ್ಟದ ತೊರೆ, ಮೊಣಕಾಲುದ್ದ ತಣ್ಣೀರು, ಗಳಿಗೆಗೊಂದು ಬಣ್ಣ ತಾಳುವ ಆಕಾಶ, ಒಬ್ಬಂಟಿ ಬೇಟೆಗಾರ. ಯುರೋಪಿನವರು ಹೋದಲ್ಲೆಲ್ಲ ಈ ಚಿತ್ರವನ್ನು ಹೊತ್ತುಕೊಂಡು ಹೋದರು. ನೀಲಗಿರಿಯ ತೊರೆಗಳಿಗೆ ಟ್ರೌಟ್ ತರಲು 1863ರಲ್ಲಿ ಫ್ರಾನ್ಸಿಸ್ ಡೇ ಮಾಡಿದ ಪ್ರಯತ್ನ ಕೈಗೂಡಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಎಚ್. ಸಿ. ವಿಲ್ಸನ್ ಅವಲಾಂಚಿಯಲ್ಲಿ ಮರಿ ಮಾಡುವ ಕೇಂದ್ರ ಕಟ್ಟಿದ ಮೇಲೆ ಅಲ್ಲಿ ಆ ಮೀನು ನೆಲೆ ನಿಂತಿತು. ಕಾಶ್ಮೀರದಲ್ಲಿ 1900ರ ಹೊತ್ತಿಗೆ ನಿಂತಿತು. ಮಲಪ್ರಭೆಯಲ್ಲಿ ಅದು ಒಂದು ಬೇಸಿಗೆಯನ್ನೂ ದಾಟಲಾರದು. ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ, ನೀರು ಬಿಸಿಯಾದಂತೆ ಕಡಿಮೆಯಾಗುತ್ತದೆ. ಟ್ರೌಟಿಗೆ ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಂಕಟ, 25ರ ಆಸುಪಾಸಿಗೆ ಬಂದರೆ ಪ್ರಾಣಕ್ಕೇ ಕುತ್ತು. ಏಪ್ರಿಲ್ ತಿಂಗಳ ಸವದತ್ತಿಯ ಬಿಸಿಲಿಗೆ ಬಂಡೆಯ ನಡುವಿನ ಮಡುವಿನ ನೀರು ಇದನ್ನೆಲ್ಲ ಮೀರಿ ಕಾಯುತ್ತದೆ.

ಆದರೆ ಬೆಟ್ಟದ ತೊರೆ, ಬಿರುಸಿನ ನೀರು, ನೆಚ್ಚಲಾಗದ ಹವೆ ಇವಿಷ್ಟೇ ಬೇಕೆಂದರೆ ಅವು ಇಲ್ಲಿಯೂ ಇವೆ, ಅವಕ್ಕೆ ತಕ್ಕ ಮೀನೂ ಇದೆ. ಅದು ಮಹಸೀರ್. 1824ರಿಂದ 1831ರವರೆಗೆ ಮುಂಬಯಿ ಸರ್ಕಾರದ ಅಂಕಿಅಂಶದ ಅಧಿಕಾರಿಯಾಗಿ ದಖ್ಖನನ್ನು ಸುತ್ತಿದ ಕರ್ನಲ್ ಸೈಕ್ಸ್ ಎಂಬಾತ, ಪುಣೆಯ ಮೂಡಣಕ್ಕೆ ಮುಳಾ ಮುಠಾ ನದಿಯಲ್ಲಿ ಸಿಕ್ಕ ಒಂದು ದೊಡ್ಡ ಮೀನಿಗೆ ಅಲ್ಲಿನ ಮರಾಠಿ ಹೆಸರನ್ನೇ ಹಿಡಿದು 'ಖುದ್ರೀ' ಎಂದು ಹೆಸರಿಟ್ಟ. ಅವನ ಬರಹ ಅಚ್ಚಾದದ್ದು 1839ರಲ್ಲಿ. ಕೃಷ್ಣೆಯ ಕೊಳ್ಳದ ಈ ದಖ್ಖನಿ ಮಹಸೀರ್ ವಿಜ್ಞಾನದ ಪುಸ್ತಕಗಳಲ್ಲಿ ಇಂದಿಗೂ ಅದೇ ಹೆಸರಿನಿಂದ ಇದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ 1873ರಲ್ಲಿ ಭಾರತದ ಗಾಳದ ಬೇಟೆಯ ಬಗ್ಗೆ ಬರೆದ ಪುಸ್ತಕದಲ್ಲಿ, ಎಳೆದಾಟದಲ್ಲಿ ಮಹಸೀರ್ ಸಾಲ್ಮನ್ನಿಗೂ ಮಿಗಿಲು ಎಂದು ವಾದಿಸಿದ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ಭಕ್ತರು ಮಂಡಕ್ಕಿ ಹಾಕುವ ದೇವರ ಮೀನುಗಳೂ ಇದೇ ಕುಲದವು. ಒಂದು ಕಡೆ ಬೇಟೆಗಾರನ ಕನಸು, ಇನ್ನೊಂದು ಕಡೆ ದೇವರ ಒಕ್ಕಲು! 1946ರಲ್ಲಿ ಮೈಸೂರು ಸೀಮೆಯ ಕಬಿನಿಯಲ್ಲಿ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ಮಹಸೀರ್ 120 ಪೌಂಡ್ ತೂಗಿತ್ತು.

ಮತ್ಸ್ಯವಿನೋದವನ್ನು ಈ ಕಾಲದ ವಿಜ್ಞಾನಕ್ಕೆ ಪರಿಚಯಿಸಿದವರು ಸುಂದರ್ ಲಾಲ್ ಹೋರಾ. ಭಾರತೀಯ ಪ್ರಾಣಿ ಸರ್ವೇಕ್ಷಣಾ ಇಲಾಖೆಯ ನಿರ್ದೇಶಕರಾಗಿದ್ದ ಅವರು 1951ರಲ್ಲಿ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಅಧ್ಯಾಯವನ್ನು ಕುರಿತು ಬರೆದು, ಸೋಮೇಶ್ವರ ಹೇಳಿದ ಮೀನುಗಳು ಇಂದಿನ ಯಾವ ಮೀನುಗಳು ಎಂದು ಗುರುತಿಸಲು ಹೊರಟರು. ಹೋರಾ ಅವರ ಸ್ವಂತ ಸಂಶೋಧನೆ ಇದ್ದದ್ದು ಬಿರುಸಾಗಿ ಹರಿಯುವ ಬೆಟ್ಟದ ತೊರೆಗಳ ಮೀನುಗಳ ಮೇಲೆ. ಇಂಥ ತೊರೆಗಳಲ್ಲಿ ಕೆಲವು ಮೀನುಗಳ ಹೊಟ್ಟೆ ಚಪ್ಪಟೆಯಾಗಿ, ರೆಕ್ಕೆಗಳು ಅಗಲವಾಗಿ, ಪ್ರವಾಹದಲ್ಲಿ ಬಂಡೆಗೆ ಅಂಟಿಕೊಳ್ಳಲು ತಕ್ಕ ಹಾಗೆ ರೂಪುಗೊಂಡಿರುತ್ತವೆ. ಹಿಮಾಲಯದ ಪೂರ್ವ ಭಾಗದ ತೊರೆಗಳಲ್ಲಿರುವ ಮೀನುಗಳ ಹತ್ತಿರದ ಬಂಧುಗಳು ಸಾವಿರಾರು ಮೈಲಿ ದೂರದ ಸಹ್ಯಾದ್ರಿಯಲ್ಲಿ ಹೇಗೆ ಬಂದವು ಎಂಬ ಪ್ರಶ್ನೆಗೆ, ಸಾತ್ಪುರ ಬೆಟ್ಟಸಾಲಿನ ಮೂಲಕ ಎಂದು ಉತ್ತರಿಸಿದವರೂ ಅವರೇ. ಈ ವಾದವನ್ನು ಒಪ್ಪದವರು ಅನೇಕರಿದ್ದಾರೆ. ಆದರೂ ಸಹ್ಯಾದ್ರಿಯ ತೊರೆಗಳು ಎಷ್ಟು ಹಳೆಯ ಕಥೆಯನ್ನು ಹೊತ್ತಿವೆ ಎಂಬ ಕುತೂಹಲವನ್ನು ಅದು ಹುಟ್ಟಿಸಿತು.

ಮಳೆಗೂ ಮೀನಿಗೂ ಇರುವ ನಂಟು ಬರಿಯ ಗಾಳದ ಲೆಕ್ಕಾಚಾರವಲ್ಲ, ಸಂತಾನದ ಲೆಕ್ಕಾಚಾರ. ಬೇಸಿಗೆಯ ಅಡ್ಡಮಳೆಗಳು ಹೊಳೆಯನ್ನು ತುಂಬಿಸುವುದಿಲ್ಲ, ಗುಡುಗಿ ಹೋಗುತ್ತವೆ. ಮಿರಗಾ ಕೂಡಿ, ಆರಿದ್ರಾ ಹಿಡಿದು, ಮೊದಲ ಹೊಸನೀರು ಬಂದಾಗ ನೀರು ಥಟ್ಟನೆ ತಂಪಾಗುತ್ತದೆ, ಸೆಳವು ಏರುತ್ತದೆ. ಮೊಟ್ಟೆ ತುಂಬಿದ ಮೀನುಗಳಿಗೆ ಅದೇ ಕರೆ. ಅವು ಪ್ರವಾಹದ ಎದುರಿಗೆ ಹತ್ತುತ್ತವೆ. ಮಲೆನಾಡಿನಲ್ಲಿ ಇದನ್ನು ಹತ್ತುಮೀನು ಎನ್ನುತ್ತಾರೆ, ಗದ್ದೆಯ ಬದುವಿನವರೆಗೂ ಬರುವ ಆ ಮೀನಿನ ಸಂಭ್ರಮವನ್ನು ಬಲ್ಲವರೇ ಬಲ್ಲರು. ಗಾಳವನ್ನು ಬಹಳವಾಗಿ ಪ್ರೀತಿಸಿದ ಪೂರ್ಣಚಂದ್ರ ತೇಜಸ್ವಿಯವರ ಬರಹಗಳಿಂದ ಹೊಳೆ ಮತ್ತು ಮೀನಿನ ಲೋಕ ಕನ್ನಡದ ಓದುಗರಿಗೆ ಪರಿಚಿತವೇ ಆಗಿದೆ.

ಪ್ರವಾಹದ ಕರೆ ಎಷ್ಟು ಮುಖ್ಯ ಎಂಬುದಕ್ಕೆ ವಿಜ್ಞಾನದ ಸಾಕ್ಷಿ ಕೆರೆಗಳಿಂದ ಬಂತು. ಕಾಟ್ಲಾ, ರೋಹು, ಮೃಗಾಲ್ ಮೀನುಗಳನ್ನು ಕೆರೆಗೆ ಬಿಟ್ಟರೆ ಚೆನ್ನಾಗಿ ಬೆಳೆಯುತ್ತವೆ, ಆದರೆ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಹೊಳೆಯ ಹೊಸನೀರು ಮೈಗೆ ತಾಗದೆ ಮೊಟ್ಟೆ ಇಡಲಾರವು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಮೀನಿನ ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯ ಸತ್ವವನ್ನು ಚುಚ್ಚಿ ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಮಳೆ ಮಾಡುತ್ತಿದ್ದ ಕೆಲಸವನ್ನು ಸೂಜಿ ಮಾಡಿತು. ದೇಶದ ಮೀನು ಸಾಕಣೆಯ ಕ್ರಾಂತಿ ಅಲ್ಲಿಂದ ಶುರುವಾಯಿತು, ಜುಲೈ 10 ಮೀನು ಕೃಷಿಕರ ದಿನವಾಯಿತು.

ಈಗ ಸವದತ್ತಿಗೆ ಬರೋಣ. ಮಲಪ್ರಭೆ ಇಲ್ಲಿ ಕಲ್ಲಿನ ಬೆಟ್ಟವೊಂದನ್ನು ಸೀಳಿ ದಾರಿ ಮಾಡಿಕೊಂಡಿದೆ. ಈ ಕಣಿವೆಯೇ ನವಿಲುತೀರ್ಥ. ಬೆಟ್ಟದ ಮೇಲಿನ ನವಿಲು ಕರೆದದ್ದಕ್ಕೆ ಹೊಳೆ ಹೀಗೆ ತಿರುಗಿತು ಎಂದು ಕಥೆ ಹೇಳುತ್ತಾರೆ, ಕಥೆ ಹೇಳುವವರಿಗೊಂದು ಬಗೆ. ಎಂಜಿನಿಯರರ ಕಣ್ಣಿಗೆ ಆ ಇಕ್ಕಟ್ಟು ಬೇರೆಯೇ ರೀತಿ ಕಂಡಿತು. ಇಷ್ಟು ಕಿರಿದಾದ ಬಾಯಿಗೆ ಗೋಡೆ ಕಟ್ಟುವುದು ಸುಲಭ, ಹಿಂದೆ ನಿಲ್ಲುವ ನೀರು ಅಪಾರ. 1970ರ ದಶಕದ ಆರಂಭದಲ್ಲಿ ಅಣೆಕಟ್ಟು ಮುಗಿಯಿತು. ಎಲ್ಲಮ್ಮನ ಹೆಸರಿನಿಂದ ಅದು ರೇಣುಕಾಸಾಗರ. ಪೂರ್ಣಮಟ್ಟ 2079.50 ಅಡಿ, ಸಂಗ್ರಹ ಸುಮಾರು 37 ಟಿಎಂಸಿ.

ಆ ಕಟ್ಟೆ ಸವದತ್ತಿ, ನವಲಗುಂದ, ನರಗುಂದಗಳ ಹೊಲಗಳಿಗೆ ಏನು ಮಾಡಿತು ಎಂಬುದು ಬೇರೊಂದು ದಿನದ ವಿಷಯ. ಹೊಳೆಯ ಮೀನಿಗೆ ಏನಾಯಿತು ಎಂದರೆ, ಒಂದು ನದಿ ಎರಡಾಯಿತು. ಕಟ್ಟೆಯ ಮೇಲೆ ಕಿತ್ತೂರು, ಬೈಲಹೊಂಗಲದ ಹೊಳೆ ಇನ್ನೂ ಕಣಕುಂಬಿಯ ಮಾತು ಕೇಳುತ್ತದೆ. ಕಟ್ಟೆಯ ಕೆಳಗೆ ಮುನವಳ್ಳಿ, ರಾಮದುರ್ಗದ ಹೊಳೆ ಕೇಳುವುದು ಗೇಟಿನ ಮಾತನ್ನು. ಮೇಲಕ್ಕೆ ಹತ್ತಬೇಕಾದ ಮೀನಿಗೆ ಎದುರಾಗುವುದು ಗೋಡೆ. ಜೂನ್ ಜುಲೈಗಳಲ್ಲಿ, ಮೊಟ್ಟೆ ತುಂಬಿ ಮೀನು ಹೊಸನೀರಿಗಾಗಿ ಕಾಯುವ ಹೊತ್ತಿಗೆ, ಜಲಾಶಯ ನೀರನ್ನು ಹಿಡಿದಿಟ್ಟುಕೊಳ್ಳುತ್ತಿರುತ್ತದೆ. ಅದರ ಕರ್ತವ್ಯವೇ ಅದು. ಜಲಾಶಯ ತುಂಬಿ ಗೇಟು ತೆರೆಯುವುದು ಆಗಸ್ಟಿನಲ್ಲೋ ಸೆಪ್ಟೆಂಬರಿನಲ್ಲೋ, ತುಂಬಿದರೆ ಮಾತ್ರ. ಆಗ ನೀರು ಮೆಲ್ಲಗೆ ಏರುವುದಿಲ್ಲ, ಒಮ್ಮೆಗೇ ಬಂದು ಬೀಳುತ್ತದೆ. ಮೀನಿನ ಮೈಯೊಳಗಿನ ಪಂಚಾಂಗವೂ ಹೊಳೆಯ ಪಂಚಾಂಗವೂ ಬೇರೆಬೇರೆಯಾದವು.

ಇದರ ಫಲ ಗಾಳದ ತುದಿಯಲ್ಲಿಯೇ ಕಾಣುತ್ತದೆ. ಜಲಾಶಯದಲ್ಲಿ ಸಿಗುವ ದೊಡ್ಡ ಮೀನುಗಳಲ್ಲಿ ಕಾಟ್ಲಾ, ರೋಹು, ಮೃಗಾಲ್‌ಗಳು ಇಲ್ಲಿಯವಲ್ಲ, ಮೂಲತಃ ಗಂಗೆಯ ಸೀಮೆಯವು. ಸಾಕಣೆಗಾಗಿ ಮರಿ ತಂದು ಬಿಟ್ಟವು. ಜನ ಜಿಲೇಬಿ ಎಂದು ಕರೆಯುವ ತಿಲಾಪಿಯ ಆಫ್ರಿಕ ಮೂಲದ್ದು, 1952ರಲ್ಲಿ ದೇಶಕ್ಕೆ ಬಂದದ್ದು, ಅದಕ್ಕೆ ಪ್ರವಾಹದ ಹಂಗಿಲ್ಲ, ನಿಂತ ನೀರಿನಲ್ಲೇ ಮನೆತುಂಬ ಮರಿ ಮಾಡುತ್ತದೆ. ಸ್ಥಳೀಯರಲ್ಲಿ ಬದುಕಲು ಬಲ್ಲದ್ದು ಕೊರವ, ಕುಚ್ಚು ಎಂದೆಲ್ಲ ಕರೆಯುವ ಹಾವಿನ ತಲೆಯ ಮೀನು. ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲ ಅದು ಬತ್ತುತ್ತಿರುವ ಗುಂಡಿಯ ರಾಡಿಯಲ್ಲೂ ಜೀವ ಹಿಡಿದಿರುತ್ತದೆ, ಕಪ್ಪೆಯನ್ನು ಕೊಕ್ಕೆಗೆ ಕಟ್ಟಿದರೆ ರಭಸದಿಂದ ಮೇಲೆ ಬೀಳುತ್ತದೆ. ಮೀಸೆಯ ಬಾಳೆಮೀನು ಕೆಸರು ನೀರಿನಲ್ಲಿ ವಾಸನೆ ಹಿಡಿದು ಬರುವ ಮೀನು, ರಾತ್ರಿಯ ಬೇಟೆಗಾರ. ಅದಕ್ಕೆ ಆಳವಾದ ಮಡು ಬೇಕು. ಬಂಡೆ, ಬಿರುಸು, ತಿಳಿನೀರು ಬೇಡುವ ಮಹಸೀರಿಗೆ ತುಂಡಾದ ಹೊಳೆ ಒಗ್ಗುವುದಿಲ್ಲ. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರು 1970ರ ದಶಕದಿಂದ ಮಹಸೀರ್ ಮರಿ ಮಾಡಿಸಿ ಬೇರೆ ಬೇರೆ ನದಿಗಳಿಗೆ ಕಳಿಸಿದರು. ಕಾವೇರಿಗೂ ಅವು ಬಂದವು. ಕೃಷ್ಣೆಯ ಕೊಳ್ಳದ ಮೀನನ್ನು ಕಾವೇರಿಗೆ ಬಿಟ್ಟದ್ದರಿಂದ ಅಲ್ಲಿನ ಸ್ವಂತ ಗೂನುಬೆನ್ನಿನ ಮಹಸೀರಿಗೆ ಕುತ್ತು ಬಂತು ಎಂಬ ದೂರು ಆಮೇಲೆ ಹುಟ್ಟಿಕೊಂಡಿತು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೂ ಹೊಳೆಯ ಲೆಕ್ಕ ತಪ್ಪಿದರೆ ಹೀಗಾಗುತ್ತದೆ.

ಇದಕ್ಕೆ ತೋಟೆಯ ಪಿಡುಗು ಸೇರಿಕೊಂಡಿದೆ. ಗಾಳ ಹಾಕುವವನು ದಿನವಿಡೀ ಕುಳಿತು ಎರಡು ಮೀನು ಹಿಡಿದಾನು. ಸಿಡಿಮದ್ದು ಎಸೆಯುವವನು ಒಂದೇ ಗಳಿಗೆಯಲ್ಲಿ ಮಡುವಿನ ಮೊಟ್ಟೆ, ಮರಿ, ತಾಯಿ ಎಲ್ಲವನ್ನೂ ಮುಗಿಸಿ, ತೇಲಿದ್ದರಲ್ಲಿ ನಾಲ್ಕನ್ನು ಆರಿಸಿಕೊಂಡು ಹೋಗುತ್ತಾನೆ. ಸಿಡಿಮದ್ದು ಮತ್ತು ವಿಷದಿಂದ ಮೀನು ಹಿಡಿಯುವುದನ್ನು 1897ರ ಕಾಯಿದೆಯೇ ನಿಷೇಧಿಸಿತ್ತು. ಥಾಮಸ್ ಅಂಥವರು ಮರಿಮೀನಿನ ನಾಶವನ್ನು ಕುರಿತು ಅದಕ್ಕೂ ಮುಂಚೆಯೇ ಸರ್ಕಾರಕ್ಕೆ ಬರೆದಿದ್ದರು. ಕರ್ನಾಟಕದ ಒಳನಾಡು ಮೀನುಗಾರಿಕೆ ಕಾಯಿದೆ 1996ರಲ್ಲಿ ಆಯಿತು. ಕಾಯಿದೆಗೆ ಕೊರತೆಯಿಲ್ಲ, ಬೆಳಗಿನ ಜಾವ ದೂರದ ಮಡುವಿನ ಹತ್ತಿರ ಕಾವಲು ನಿಲ್ಲುವವರದೇ ಕೊರತೆ.

ಹವೆಯ ಅನಿಶ್ಚಿತತೆ ಈಗ ಹೊಸ ರೂಪ ತಾಳಿದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ ಘಟ್ಟದ ಮಳೆಯ ಕಾಲ ಮುಗಿಯಿತು ಎನ್ನುವಾಗ ಉತ್ತರ ಕರ್ನಾಟಕದ ಬಯಲಿನ ಮೇಲೆಯೇ ಮಳೆ ಸುರಿದು ಊರುಗಳು ಮುಳುಗಿದವು. ಆನಂತರ ಜಲಾಶಯ ತುಂಬದೆ ಸಾಲಾಗಿ ಬರದ ವರ್ಷಗಳು ಬಂದವು. ಅದು ಮರೆಯುವ ಮುನ್ನ 2019ರ ಆಗಸ್ಟಿನಲ್ಲಿ ಕಣಕುಂಬಿಯ ಸೀಮೆಯ ಮಳೆ ಎಲ್ಲ ಲೆಕ್ಕ ಮೀರಿತು. ಗೇಟುಗಳನ್ನು ತೆರೆಯದೆ ಗತಿ ಇರಲಿಲ್ಲ. ಮುನವಳ್ಳಿ, ರಾಮದುರ್ಗಗಳಿಗೆ ನೀರು ನುಗ್ಗಿತು, ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ಹೊಳೆ ಬಂತು. 2023ರಲ್ಲಿ ಮತ್ತೆ ಬರ. ಮಹದಾಯಿಯೂ ಹುಟ್ಟುವುದು ಇದೇ ಖಾನಾಪುರದ ಬೆಟ್ಟಗಳಲ್ಲಿ. ಬೆಟ್ಟದ ಬೆನ್ನಿನ ಯಾವ ಮಗ್ಗುಲಿಗೆ ಹನಿ ಬಿತ್ತು ಎಂಬುದರ ಮೇಲೆ ಅದು ಗೋವೆಗೆ ಹೋಗುವುದೋ ರಾಮದುರ್ಗಕ್ಕೆ ಬರುವುದೋ ತೀರ್ಮಾನವಾಗುತ್ತದೆ. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ ಕೊಟ್ಟ 13.42 ಟಿಎಂಸಿಯಲ್ಲಿ ಕಳಸಾ ಬಂಡೂರಿಗಳ ಮೂಲಕ ಮಲಪ್ರಭೆಗೆ ತಿರುಗಬೇಕಾದದ್ದು 3.9 ಟಿಎಂಸಿ. ಆ ಜಗಳದಲ್ಲಿ ಮೀನಿನ ಪರವಾಗಿ ಮಾತನಾಡಿದವರು ಕಡಿಮೆ.

ಕಟ್ಟೆಯ ಕೆಳಗೆ ಗಾಳ ಹಾಕುವವನಿಗೆ ನೀರಿನ ಬಣ್ಣ ಈಗ ಮುನ್ಸೂಚನೆಯಲ್ಲ. ಹಿಂದೆ ಘಟ್ಟದ ನೀರು ಕೆಂಪಾಗಿ, ಕಡ್ಡಿ ತರಗು ತೇಲಿಸುತ್ತ, ತಾನು ಬರುತ್ತಿದ್ದೇನೆ ಎಂದು ಹೇಳಿಯೇ ಬರುತ್ತಿತ್ತು. ಕಟ್ಟೆಯ ಹಿಂದೆ ನಿಂತು ಮಣ್ಣು ತಳಕ್ಕೆ ಕೂತ ನೀರು ಗೇಟಿನಿಂದ ಹೊರಬೀಳುವಾಗ ಮೊದಲಿನ ಮಟ್ಟಿಗೆ ತಿಳಿಯಾಗಿಯೇ ಇರುತ್ತದೆ. ಮೊಣಕಾಲುದ್ದ ನೀರಿನ ನಡುಗಡ್ಡೆಯ ಬಂಡೆಯ ಮೇಲೆ ಕುಳಿತವನಿಗೆ ತಿಳಿಯುವುದು ಹಿಂದಿನ ಕಾಲುದಾರಿ ಮುಳುಗಿದ ಮೇಲೆಯೇ. ಸೈರನ್ ಮೊಳಗುತ್ತದೆ, ಡಂಗುರ ಸಾರುತ್ತಾರೆ, ಹೊಳೆದಂಡೆಗೆ ಹೋಗಬೇಡಿ ಎಂದು ತಹಶೀಲ್ದಾರರ ಪ್ರಕಟಣೆ ಬರುತ್ತದೆ. ಗಾಳಿ ಎದುರಾಗಿದ್ದರೆ ಸೈರನ್ನಿನ ಸದ್ದು ನಾಲ್ಕು ಮೈಲಿ ಕೆಳಗೆ ಕೇಳುವುದಿಲ್ಲ.

ಆದ್ದರಿಂದ ಈಗಿನ ಬಲ್ಲವನು ಮಳೆಗಾಲದಲ್ಲಿ ಎರೆಹುಳು ತೆಗೆಯುವುದಕ್ಕೆ ಮುಂಚೆ ಪತ್ರಿಕೆ ತೆಗೆಯುತ್ತಾನೆ. ಒಳಪುಟದ ಮೂಲೆಯಲ್ಲಿ ಜಲಾಶಯಗಳ ಮಟ್ಟದ ಪಟ್ಟಿ ಇರುತ್ತದೆ. ಆಲಮಟ್ಟಿ, ತುಂಗಭದ್ರಾ, ಹಿಡಕಲ್ ಸಾಲಿನಲ್ಲಿ ಮಲಪ್ರಭಾ ಎಂಬ ಹೆಸರು ಹುಡುಕುತ್ತಾನೆ. ಪೂರ್ಣಮಟ್ಟ 2079.50 ಅಡಿ, ಅದರ ಪಕ್ಕದಲ್ಲಿ ಇಂದಿನ ಮಟ್ಟ, ಒಳಹರಿವು, ಹೊರಹರಿವು ಇಷ್ಟಿಷ್ಟು ಕ್ಯೂಸೆಕ್. ಇಂದಿನ ಮಟ್ಟ ಪೂರ್ಣಮಟ್ಟಕ್ಕೆ ಎರಡು ಅಡಿ ಹತ್ತಿರ ಬಂದಿದ್ದು, ಒಳಹರಿವು ನಿನ್ನೆಗಿಂತ ಇಮ್ಮಡಿಯಾಗಿದ್ದರೆ, ಹೊರಗೆ ಎಷ್ಟೇ ಬಿಸಿಲಿರಲಿ, ಗಾಳದ ಗಳವನ್ನು ಜಂತಿಗೆ ಸಿಕ್ಕಿಸಿ ಹೊಲಕ್ಕೆ ಹೊರಡುತ್ತಾನೆ.